ಸ್ಯಾಡಲ್ ಬೇಟೆಗೆ ಸ್ಟೆಪ್ ಏಡರ್ ಆರಿಸುವುದು ಹೇಗೆ: ಇಳಿಯುವ ಲೆಕ್ಕದಿಂದ ಶುರುಮಾಡಿ

ಸ್ಯಾಡಲ್ ಅಂದರೆ ಸೊಂಟಕ್ಕೆ ಹಾಕಿಕೊಳ್ಳುವ ಜೋಲಿಯಂಥ ಪಟ್ಟಿ. ಅದರಲ್ಲಿ ಮರಕ್ಕೆ ನೇತುಕೊಂಡು ಕೂತು ಕಾಯುವ ಸ್ಯಾಡಲ್ ಬೇಟೆಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ಮೂರು ಮೆಟ್ಟಿಲಿನ ಏಡರ್, ಅಂದರೆ ಕಾಲಿಟ್ಟು ಹತ್ತುವ ನೇತಾಡುವ ಕುಣಿಕೆ, ಕೊಳ್ಳುತ್ತಾರೆ. ಮನೆಯ ಹಿಂದಿನ ಮರಕ್ಕೆ ಹಾಕಿ, ಹಗಲು ಹೊತ್ತಿನಲ್ಲಿ, ಟೀ ಶರ್ಟ್ ಹಾಕಿಕೊಂಡು ಹತ್ತಿ ನೋಡುತ್ತಾರೆ. ಸಲೀಸಾಗಿ ಹತ್ತುತ್ತಾರೆ. ಅಕ್ಟೋಬರ್‌ನಲ್ಲಿ ಕಾಡಿಗೆ ಹೋಗಿ, ಕತ್ತಲಾದ ಮೇಲೆ ಇಳಿಯಲು ಹೊರಟಾಗ ಕಾಲಿಗೆ ಮೆಟ್ಟಿಲೇ ಸಿಗುವುದಿಲ್ಲ. ಕುಣಿಕೆ ಮುಚ್ಚಿಕೊಂಡಿರುತ್ತದೆ, ಬೂಟು ಒಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ.

ನಾನಿರುವ ಮಿಶಿಗನ್‌ನಲ್ಲಿ ಜಿಂಕೆ ಬೇಟೆಗೆ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಅವಕಾಶ ಇದೆ. ಅಂದರೆ ಸಂಜೆ ಕೂರುವವರು ಪ್ರತಿ ಸಲವೂ ಕತ್ತಲಲ್ಲೇ ಇಳಿಯಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಏಡರ್ ಎಷ್ಟು ಎತ್ತರ ಕೊಡುತ್ತದೆ ಎಂದು ಮೊದಲು ಕೇಳಬೇಡಿ. ಕಣ್ಣಿಗೆ ಕಾಣದಿದ್ದಾಗಲೂ ಕಾಲಿಗೆ ಸಿಗುತ್ತದಾ ಎಂದು ಕೇಳಿ.

ಇದು ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಬೇಟೆಗೆ ಹೋಗುವ ಕನ್ನಡಿಗರಿಗಾಗಿ ಬರೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ರಜೆಗೆ ಊರಿಗೆ ಹೋದಾಗ ಈ ಸಾಮಾನುಗಳನ್ನು ಬೇಟೆಗೆಂದು ಒಯ್ಯುವ ಯೋಚನೆಯೂ ಬೇಡ.

## ಶುರು ಮಾಡುವ ಮುನ್ನ: ನಾಲ್ಕು ಪದಗಳು, ಒಂದಿಷ್ಟು ಸಾಮಾನು

ಕ್ಲೈಂಬಿಂಗ್ ಸ್ಟಿಕ್ ಅಂದರೆ ಮರಕ್ಕೆ ಪಟ್ಟಿಯಿಂದಲೋ ಹಗ್ಗದಿಂದಲೋ ಬಿಗಿಯುವ ಚಿಕ್ಕ ಏಣಿತುಂಡು. ನಡುವೆ ಒಂದು ಕಂಬ, ಮೇಲೊಂದು ಮೆಟ್ಟಿಲು, ಕೆಳಗೊಂದು ಮೆಟ್ಟಿಲು. ಇಂಥ ಮೂರೋ ನಾಲ್ಕೋ ಸ್ಟಿಕ್‌ಗಳನ್ನು ಒಂದರ ಮೇಲೊಂದು ಕಟ್ಟುತ್ತಾ ಹತ್ತುತ್ತೇವೆ. ಏಡರ್ ಅಂದರೆ ಸ್ಟಿಕ್‌ನ ಕೆಳಗಿನ ಮೆಟ್ಟಿಲಿನಿಂದ ನೇತಾಡುವ ಕುಣಿಕೆ. ಅದರಲ್ಲಿ ಕಾಲಿಟ್ಟರೆ ಅದೂ ಒಂದು ಮೆಟ್ಟಿಲಾಗುತ್ತದೆ. ಲೈನ್‌ಮ್ಯಾನ್ ಹಗ್ಗ ಸೊಂಟದ ಎರಡೂ ಬದಿಯಿಂದ ಮರವನ್ನು ಸುತ್ತಿ ಬರುತ್ತದೆ. ಟೆದರ್ ತಲೆಯ ಮಟ್ಟದಲ್ಲಿ ಮರಕ್ಕೆ ಕಟ್ಟಿ ಸ್ಯಾಡಲ್‌ಗೆ ಸಿಕ್ಕಿಸುವ ಹಗ್ಗ. ಕೂತಾಗ ನಮ್ಮ ಭಾರವನ್ನು ಹೊರುವುದು ಅದೇ.

ಊರಲ್ಲಿ ಅಡಿಕೆ ಕೊನೆಗಾರರು ಕಾಲಿಗೆ ತಳೆ ಹಾಕಿ ಮರ ಹತ್ತುವುದನ್ನು ನೋಡಿದವರು ಏಡರನ್ನೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ತಳೆ ಮರವನ್ನೇ ಅಪ್ಪಿ ಹಿಡಿಯುತ್ತದೆ. ಏಡರ್ ಮರವನ್ನು ಹಿಡಿಯುವುದಿಲ್ಲ, ಸುಮ್ನೆ ನೇತಾಡುತ್ತದೆ. ಅದರ ಹಿಡಿತವೆಲ್ಲ ಮೇಲಿರುವ ಸ್ಟಿಕ್‌ನದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ತಪ್ಪು ಆಗುವುದೇ ಇಲ್ಲ.

ಬೇಕಾದ ಸಾಮಾನು: ಅಳತೆ ಟೇಪು, ಸೀಮೆಸುಣ್ಣ, ನಿಮ್ಮ ಸ್ಟಿಕ್‌ಗಳು, ಸ್ಯಾಡಲ್, ಲೈನ್‌ಮ್ಯಾನ್ ಹಗ್ಗ, ಟೆದರ್, ನವೆಂಬರ್‌ನಲ್ಲಿ ಹಾಕುವ ದಪ್ಪ ಬೂಟು ಮತ್ತು ಜಾಕೆಟ್. ಜೊತೆಗೆ ಒಬ್ಬ ಮನುಷ್ಯ ಇರಲೇಬೇಕು. ಒಬ್ಬರೇ ಇದ್ದಾಗ ಹೊಸ ಏಡರ್ ಪರೀಕ್ಷೆ ಮಾಡಬೇಡಿ.

## ಹಂತ 1: ಮೊದಲು ಸ್ಟಿಕ್ ಗೊತ್ತಿರಲಿ

ಏಡರ್ ಆರಿಸುವ ಮುಂಚೆ ಸ್ಟಿಕ್‌ನ ಕೈಪಿಡಿ ಓದಿ. ಎರಡು ವಿಷಯ ಹುಡುಕಿ. ಒಂದು, ಎಷ್ಟು ಭಾರಕ್ಕೆ ಮಾಡಿದ್ದು. ಹಲವು ಸ್ಟಿಕ್‌ಗಳ ಮಿತಿ 300 ಪೌಂಡ್, ಅಂದರೆ ಸುಮಾರು 136 ಕಿಲೋ. ಅದರಲ್ಲಿ ನಿಮ್ಮ ಬಟ್ಟೆ, ಬೂಟು, ಬೆನ್ನಿನ ಚೀಲ ಎಲ್ಲವೂ ಸೇರಬೇಕು. ಎರಡು, ಏಡರ್ ನೇತು ಹಾಕಬಹುದು ಎಂದು ಬರೆದಿದ್ದಾರಾ, ಬೇಡ ಅಂದಿದ್ದಾರಾ. ಬೇಡ ಅಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಆ ಸ್ಟಿಕ್‌ಗೆ ಏಡರ್ ಹಾಕಬೇಡಿ.

ಆಮೇಲೆ ಮೆಟ್ಟಿಲು ನೋಡಿ. ಕಂಬದ ಎರಡೂ ಬದಿಗೆ ಮೆಟ್ಟಿಲು ಇರುವ ಸ್ಟಿಕ್ ಏಡರ್‌ಗೆ ಒಳ್ಳೆಯದು. ಕುಣಿಕೆಯನ್ನು ನಟ್ಟನಡುವೆ ಕಂಬಕ್ಕೇ ಹಾಕಬಹುದು. ಒಂದೇ ಬದಿಗೆ ಮೆಟ್ಟಿಲು ಇರುವ ಸ್ಟಿಕ್ಕಾದರೆ ಭಾರ ಒಂದು ಪಕ್ಕಕ್ಕೆ ಬಿದ್ದು ತಿರುಚಿಕೊಳ್ಳುವ ಸಾಧ್ಯತೆ ಜಾಸ್ತಿ.

## ಹಂತ 2: ನಿಮ್ಮ ಕಾಲು ಎಷ್ಟು ಏಳುತ್ತದೆ ಎಂದು ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ನೇರ ಅಂಗಡಿಗೆ ಹೋಗುತ್ತಾರೆ.

ಬೇಟೆಯ ಪೂರ್ತಿ ಬಟ್ಟೆ ಹಾಕಿಕೊಳ್ಳಿ. ಒಳಗಿನ ಉಣ್ಣೆಯ ಬಟ್ಟೆ, ದಪ್ಪ ಪ್ಯಾಂಟು, ಸ್ಯಾಡಲ್, ಬೂಟು, ಎಲ್ಲ. ಗೋಡೆಗೆ ಮುಖ ಮಾಡಿ ಹತ್ತಿರ ನಿಲ್ಲಿ. ಕೈಯಿಂದ ಏನನ್ನೂ ಹಿಡಿಯದೆ ಒಂದು ಕಾಲು ಎತ್ತಿ, ಬೂಟಿನ ತುದಿಯನ್ನು ಗೋಡೆಗೆ ತಾಗಿಸಿ. ಉಸಿರು ಕಟ್ಟದೆ, ಸೊಂಟ ಹಿಂದಕ್ಕೆ ಹೋಗದೆ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಲ್ಲಿ ಬೂಟಿನ ಅಡಿಯ ಮಟ್ಟದಲ್ಲಿ ಗುರುತು ಹಾಕಿಸಿ. ಮತ್ತೊಂದು ಕಾಲಿಗೂ ಹೀಗೇ ಮಾಡಿ. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಅಳತೆ.

ಬಹಳ ಜನರಿಗೆ ಇದು 16ರಿಂದ 18 ಇಂಚು ಬರುತ್ತದೆ. ಇಲ್ಲಿನ ಮನೆಯೊಳಗಿನ ಮೆಟ್ಟಿಲು ಒಂದೊಂದೂ 7 ಇಂಚಿನ ಆಸುಪಾಸು. ಅಂದರೆ 18 ಇಂಚಿನ ಒಂದು ಹೆಜ್ಜೆ ಮನೆಯ ಎರಡು ಮೆಟ್ಟಿಲಿಗಿಂತ ಎತ್ತರ. ಅದನ್ನು ಹತ್ತು ಹನ್ನೆರಡು ಸಲ, ಚಳಿಯಲ್ಲಿ ಮೂರು ಗಂಟೆ ಕೂತ ಕಾಲಿನಲ್ಲಿ ಇಳಿಯಬೇಕು. ನಿಮ್ಮ ಅಳತೆ 15 ಬಂದರೆ 15ನ್ನೇ ಇಟ್ಟುಕೊಳ್ಳಿ. ಗೆಳೆಯನದು 20 ಇದ್ದರೆ ಅದು ಗೆಳೆಯನ ಕಾಲು.

ಇನ್ನೊಂದು ವಿಷಯ. ಅಂಗಡಿಯಲ್ಲಿ ಅಳೆದ ಏಡರ್ 16 ಇಂಚು ಇದ್ದರೂ, ನೀವು ನಿಂತಾಗ ಅದು ಹಿಗ್ಗಿ ಕೆಳಗೆ ಇಳಿಯುತ್ತದೆ. ನೈಲಾನ್ ಪಟ್ಟಿ ಜಾಸ್ತಿ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಹಾಗಾಗಿ ಮೆಟ್ಟಿಲಿನ ಅಂತರವನ್ನು ಯಾವಾಗಲೂ ಅದರ ಮೇಲೆ ನಿಂತೇ ಅಳೆಸಬೇಕು.

## ಹಂತ 3: ಕೈ ಎಟುಕುವ ಲೆಕ್ಕ

ಏಡರ್ ಉದ್ದವಾದಷ್ಟೂ ಮುಂದಿನ ಸ್ಟಿಕ್ಕನ್ನು ಎತ್ತರಕ್ಕೆ ಕಟ್ಟಬೇಕು. ಕಟ್ಟುವುದು ನಿಮ್ಮ ಕೈ. ಕೈ ಎಟುಕದಿದ್ದರೆ ಪಟ್ಟಿ ಬಿಗಿಯಾಗುವುದಿಲ್ಲ. ಪಟ್ಟಿ ಬಿಗಿಯಾಗದಿದ್ದರೆ ಉಳಿದ ಯಾವ ಜಾಗ್ರತೆಯೂ ಪ್ರಯೋಜನಕ್ಕೆ ಬರುವುದಿಲ್ಲ.

ಒಂದು ಉದಾಹರಣೆಯ ಮೇಲೆ ಲೆಕ್ಕ ಹಾಕೋಣ. ಸ್ಟಿಕ್‌ನ ಎರಡು ಮೆಟ್ಟಿಲಿನ ನಡುವೆ 17 ಇಂಚು. ಉಳಿದ ಎಲ್ಲ ಹೆಜ್ಜೆಗಳೂ 18 ಇಂಚು. ನೀವು ಕೆಳಗಿನ ಸ್ಟಿಕ್‌ನ ಮೇಲಿನ ಮೆಟ್ಟಿಲಲ್ಲಿ ನಿಂತು ಮುಂದಿನ ಸ್ಟಿಕ್ ಕಟ್ಟುತ್ತಿದ್ದೀರಿ.

ಒಂದು ಮೆಟ್ಟಿಲಿನ ಏಡರ್ ಇದ್ದರೆ, ಹೊಸ ಸ್ಟಿಕ್‌ನ ಕೆಳಗಿನ ಮೆಟ್ಟಿಲು ನಿಮ್ಮ ಪಾದದಿಂದ 36 ಇಂಚು ಮೇಲಿರಬೇಕು. ಸ್ಟಿಕ್‌ನ ನಡುವೆ ಇರುವ ಪಟ್ಟಿ ಸುಮಾರು 44 ಇಂಚಿಗೆ ಬರುತ್ತದೆ. ಎದೆಯ ಹತ್ತಿರ. ಎರಡೂ ಕೈಯಿಂದ ಆರಾಮಾಗಿ ಬಿಗಿಯಬಹುದು.

ಎರಡು ಮೆಟ್ಟಿಲಾದರೆ ಪಟ್ಟಿ 62 ಇಂಚಿಗೆ ಹೋಗುತ್ತದೆ. ಐದೂವರೆ ಅಡಿ ಎತ್ತರದವರಿಗೆ ಅದು ಕಣ್ಣಿನ ಮಟ್ಟ. ಆಗುತ್ತದೆ, ಆದರೆ ಭುಜ ಸೋಲುತ್ತದೆ.

ಮೂರು ಮೆಟ್ಟಿಲಾದರೆ 80 ಇಂಚು, ಅಂದರೆ 6 ಅಡಿ 8 ಇಂಚು. ತಲೆಯ ಮೇಲೆ ಕೈ ಎತ್ತಿ, ಮರವನ್ನು ಸುತ್ತಿ ಪಟ್ಟಿ ಎಸೆದು, ಅಲ್ಲೇ ಬಿಗಿಯಬೇಕು. ಇಳಿಯುವಾಗ ಅದೇ ಎತ್ತರದಲ್ಲಿ ಬಿಚ್ಚಬೇಕು. ಬಿಚ್ಚಿದ ಸ್ಟಿಕ್ ಮುಖದ ಮೇಲೇ ಬರುತ್ತದೆ. ಮೂರು ಮೆಟ್ಟಿಲಿನ ಏಡರ್ ಎಲ್ಲ ಸ್ಟಿಕ್‌ಗೂ ಹಾಕಬೇಡಿ ಎನ್ನುವುದು ಈ ಕಾರಣಕ್ಕೆ.

## ಹಂತ 4: ಎಷ್ಟು ಮೆಟ್ಟಿಲು ಬೇಕು

ಈಗ ಎತ್ತರ ನೋಡೋಣ. ಮೊದಲ ಹೆಜ್ಜೆ ನೆಲದಿಂದ 20 ಇಂಚು ಎಂದಿಟ್ಟುಕೊಳ್ಳಿ. ಉಳಿದದ್ದು ಮೇಲಿನ ಅಳತೆಯೇ. ಕೊನೆಯ ಸ್ಟಿಕ್‌ನ ಮೇಲಿನ ಮೆಟ್ಟಿಲು ಎಷ್ಟು ಎತ್ತರಕ್ಕೆ ಬರುತ್ತದೆ ಎಂದರೆ:

- 4 ಸ್ಟಿಕ್, ಏಡರ್ ಇಲ್ಲ: 12 ಅಡಿಗೆ ಸ್ವಲ್ಪ ಕಡಿಮೆ
- 4 ಸ್ಟಿಕ್, ಎಲ್ಲಕ್ಕೂ ಒಂದು ಮೆಟ್ಟಿಲಿನ ಏಡರ್: ಸುಮಾರು 18 ಅಡಿ
- 4 ಸ್ಟಿಕ್, ಕೆಳಗಿನದಕ್ಕೆ ಮಾತ್ರ ಎರಡು ಮೆಟ್ಟಿಲು, ಉಳಿದವಕ್ಕೆ ಒಂದು: 19 ಅಡಿ ದಾಟುತ್ತದೆ
- 3 ಸ್ಟಿಕ್, ಕೆಳಗಿನದಕ್ಕೆ ಎರಡು, ಉಳಿದವಕ್ಕೆ ಒಂದು: ಸುಮಾರು 15 ಅಡಿ
- 3 ಸ್ಟಿಕ್, ಎಲ್ಲಕ್ಕೂ ಎರಡು ಮೆಟ್ಟಿಲು: ಸುಮಾರು 18 ಅಡಿ

ಈ ಐದರಲ್ಲಿ ಎರಡನೆಯ ಸಾಲು ಮತ್ತು ಕೊನೆಯ ಸಾಲು ನೋಡಿ. ಎತ್ತರ ಒಂದೇ. ಕೊನೆಯದರಲ್ಲಿ ಒಂದು ಸ್ಟಿಕ್ ಹೊರುವುದು ಉಳಿಯುತ್ತದೆ, ಎರಡು ಪೌಂಡಿನ ಆಸುಪಾಸು. ಆದರೆ ನೇತಾಡುವ ಹೆಜ್ಜೆಗಳು ನಾಲ್ಕರಿಂದ ಆರಕ್ಕೆ ಏರುತ್ತವೆ, ಗಟ್ಟಿ ಮೆಟ್ಟಿಲುಗಳು ಎಂಟರಿಂದ ಆರಕ್ಕೆ ಇಳಿಯುತ್ತವೆ. ಮೊದಲ ಎರಡು ವರ್ಷ ಆ ಎರಡು ಪೌಂಡನ್ನು ಹೊತ್ತುಕೊಂಡು ಹೋಗಿ ಎನ್ನುತ್ತೇನೆ.

ಹೊಸಬರಿಗೆ ನನ್ನ ಆಯ್ಕೆ ಮೂರನೆಯ ಸಾಲು. ಕೆಳಗಿನ ಸ್ಟಿಕ್ಕನ್ನು ನೆಲದ ಮೇಲೆ ನಿಂತು ಕಟ್ಟುತ್ತೀರಿ, ಕಾಲು ಭದ್ರ. ಹಾಗಾಗಿ ಅಲ್ಲಿ ಎರಡು ಮೆಟ್ಟಿಲು ಸರಿ. ಮೇಲೆ ಹೋದ ಮೇಲೆ ಒಂದೇ ಸಾಕು. ಅಷ್ಟು ಎತ್ತರ ಬೇಡವಾದರೆ ಒಂದು ಸ್ಟಿಕ್ ಕಾರಿನಲ್ಲೇ ಬಿಡಿ. 15 ಅಡಿಯಲ್ಲಿ, ಬೆನ್ನ ಹಿಂದೆ ಒಳ್ಳೆಯ ಮರೆ ಇದ್ದರೆ, ಜಿಂಕೆ ನಿಮ್ಮನ್ನು ನೋಡದೆ ಹೋಗುತ್ತದೆ.

ಒಂದೇ ಸ್ಟಿಕ್ಕನ್ನು ಬಿಚ್ಚಿ ಮೇಲೆ ಮೇಲೆ ಕಟ್ಟುತ್ತಾ ಹತ್ತುವವರನ್ನು ನೋಡಿ ಮೂರು ನಾಲ್ಕು ಮೆಟ್ಟಿಲಿನ ಏಡರ್ ಕೊಳ್ಳುವವರೂ ಇದ್ದಾರೆ. ಅವರ ಲೆಕ್ಕವೇ ಬೇರೆ. ಅವರು ಹತ್ತಲು ಮಾತ್ರ ಏಡರ್ ಬಳಸುತ್ತಾರೆ, ಇಳಿಯುವುದು ಹಗ್ಗದ ಮೇಲೆ. ನೀವು ಮೆಟ್ಟಿಲಿನ ಮೇಲೇ ಇಳಿಯುವವರಾದರೆ ಅವರ ಸಾಮಾನು ನಿಮಗೆ ಹೊಂದುವುದಿಲ್ಲ.

## ಹಂತ 5: ಪ್ರತಿ ಸ್ಟಿಕ್‌ಗೂ ಒಂದೋ, ಎಲ್ಲಕ್ಕೂ ಸೇರಿ ಒಂದೋ

ಕೆಲವು ಏಡರ್‌ಗಳನ್ನು ಸ್ಟಿಕ್‌ಗೇ ಕಟ್ಟಿಬಿಡುತ್ತೇವೆ. ಇನ್ನು ಕೆಲವನ್ನು ಹತ್ತುತ್ತಾ ಒಂದು ಸ್ಟಿಕ್‌ನಿಂದ ಬಿಚ್ಚಿ ಮುಂದಿನದಕ್ಕೆ ಸಿಕ್ಕಿಸುತ್ತಾ ಹೋಗುತ್ತೇವೆ. ಎರಡನೆಯದು ಚೀಲದಲ್ಲಿ ಜಾಗ ಉಳಿಸುತ್ತದೆ. ಆದರೆ ಪ್ರತಿ ಸ್ಟಿಕ್‌ನಲ್ಲೂ ಬಗ್ಗಿ ತೆಗೆಯಬೇಕು, ಮತ್ತೆ ಸಿಕ್ಕಿಸಬೇಕು. ಇಳಿಯುವಾಗ ಕತ್ತಲಲ್ಲಿ ಅದೇ ಕೆಲಸ ತಿರುಗಾ ಮುರುಗಾ. ಕೈ ಜಾರಿ ಏಡರ್ ಕೆಳಗೆ ಬಿದ್ದರೆ ನೀವು ಮೇಲೆ, ಅದು ನೆಲದಲ್ಲಿ. ಹೊಸಬರು ಕಟ್ಟಿಬಿಡುವ ಜಾತಿಯನ್ನೇ ತೆಗೆದುಕೊಳ್ಳಿ.

## ಹಂತ 6: ಯಾವುದರಿಂದ ಮಾಡಿದ್ದು

ಪಟ್ಟಿ, ಹಗ್ಗ, ತಂತಿ ಎಂದು ಮೂರು ಜಾತಿ.

ಒಂದು ಇಂಚು ಅಗಲದ ವೆಬ್ಬಿಂಗ್ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿದೆ. ಅಗ್ಗ, ಸದ್ದಿಲ್ಲ, ಮಡಚಬಹುದು. ಕೊರತೆ ಒಂದೇ, ಕುಣಿಕೆ ತಾನಾಗಿ ಬಾಯಿ ತೆರೆದು ನಿಲ್ಲುವುದಿಲ್ಲ. ಅದಕ್ಕೇ ಕಾಲಿಡುವ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ತುಂಡೋ ಕೊಳವೆಯೋ ಇರುವಂಥದ್ದನ್ನೇ ಆರಿಸಿ. ಅಂಗಡಿಯಲ್ಲಿ ಕೈಯಲ್ಲಿ ನೇತು ಹಿಡಿದು ನೋಡಿ. ಕುಣಿಕೆ ಬಾಯಿ ಬಿಟ್ಟು ನಿಂತರೆ ಸರಿ. ಎರಡು ಪದರ ಅಂಟಿಕೊಂಡು ನಿಂತರೆ ಕತ್ತಲಲ್ಲಿ ಅದು ನಿಮಗೆ ಸಿಗುವುದಿಲ್ಲ. ಪಾಲಿಯೆಸ್ಟರ್ ಸಿಕ್ಕರೆ ನೈಲಾನ್‌ಗಿಂತ ಅದೇ ವಾಸಿ, ನೀರು ಕುಡಿಯುವುದು ಕಡಿಮೆ, ಹಿಗ್ಗುವುದೂ ಕಡಿಮೆ.

ಆಮ್‌ಸ್ಟೀಲ್ ಎಂಬ ಸಿಂಥೆಟಿಕ್ ನಾರಿನ ಹಗ್ಗ ಹಗುರ, ಬಲ ಜಾಸ್ತಿ, ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ನುಣುಪು. ಸಾಮಾನ್ಯ ಗಂಟು ಅದರಲ್ಲಿ ಜಾರುತ್ತದೆ. ಅದನ್ನು ಹೆಣೆದೇ ಸೇರಿಸಬೇಕು. ತುದಿಯನ್ನು ಹಗ್ಗದ ದಪ್ಪದ 72 ಪಟ್ಟು ಉದ್ದ ಒಳಗೆ ಹೂತು ಹಾಕುವುದು ರೂಢಿಯ ಕ್ರಮ. ಅದು ಬರದಿದ್ದರೆ ಕೈಯಾರೆ ಮಾಡಲು ಹೋಗಬೇಡಿ, ಮಾಡಿದ್ದನ್ನು ಕೊಳ್ಳಿ. ತೆಳ್ಳಗಿನ ಹಗ್ಗದ ಮೇಲೆ ನೇರ ನಿಂತರೆ ಬೂಟಿನ ಅಡಿಯಲ್ಲೂ ಒತ್ತುತ್ತದೆ. ಮೆಟ್ಟಿಲಿನ ಜಾಗಕ್ಕೆ ಕೊಳವೆ ಇರಲಿ.

ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿಯ ಏಡರ್ ಯಾವಾಗಲೂ ಬಾಯಿ ತೆರೆದೇ ನಿಲ್ಲುತ್ತದೆ. ಕಾಲಿಗೆ ಸುಲಭವಾಗಿ ಸಿಗುತ್ತದೆ. ಭಾರ ಸ್ವಲ್ಪ ಜಾಸ್ತಿ, ಅಲ್ಯೂಮಿನಿಯಂ ಸ್ಟಿಕ್‌ಗೆ ತಾಗಿದರೆ ಟಣ್ ಅನ್ನುತ್ತದೆ. ತಾಗುವ ಕಡೆ ಬಟ್ಟೆಯ ಟೇಪು ಸುತ್ತಿದರೆ ಸರಿಹೋಗುತ್ತದೆ. ಕತ್ತಲಲ್ಲಿ ಇಳಿಯುವ ಭಯ ಇರುವವರಿಗೆ ಇದನ್ನೇ ಮೊದಲು ಕೊಡುತ್ತೇನೆ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಎರಡು ಮಾತು. ಸಾಮಾನು ಕಟ್ಟುವ ಪಟ್ಟಿ, ಅಂಗಡಿಯ ಹೆಸರಿಲ್ಲದ ಹಗ್ಗ ಬೇಡ. ಚೀಲಕ್ಕೆ ಹಾಕುವ ಒತ್ತಿ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಮೇಲೆ ಮೈಭಾರ ಎಂದೂ ಬೀಳಬಾರದು. ವೆಬ್ಬಿಂಗ್ ಪಟ್ಟಿಗೆ ವಾಟರ್ ನಾಟ್ ಗಂಟು ಹಾಕುವುದಾದರೆ ಎರಡೂ ಕಡೆ ಕನಿಷ್ಠ 3 ಇಂಚು ಬಾಲ ಬಿಡಿ. ಆ ಗಂಟು ಬಳಸುತ್ತಾ ಬಳಸುತ್ತಾ ಮೆಲ್ಲಗೆ ಜಾರುತ್ತದೆ. ಪ್ರತಿ ಸಲ ಹತ್ತುವ ಮುಂಚೆ ಬಾಲ ನೋಡಲೇಬೇಕು.

## ಹಂತ 7: ಸರಿಯಾದ ಜಾಗಕ್ಕೆ ನೇತು ಹಾಕಿ

ಮೊದಲ ವರ್ಷ ನಾನು ಏಡರನ್ನು ಕೆಳಗಿನ ಮೆಟ್ಟಿಲಿನ ಬಲತುದಿಗೆ ಹಾಕಿದ್ದೆ. ಅಲ್ಲಿ ಹಾಕಿದರೆ ಕಾಲಿಡಲು ಜಾಗ ಜಾಸ್ತಿ ಅನಿಸಿತ್ತು. ಎರಡನೆಯ ಸ್ಟಿಕ್‌ನ ಏಡರ್‌ನಲ್ಲಿ ಭಾರ ಹಾಕಿದ್ದೇ ತಡ, ಸ್ಟಿಕ್ಕು ಗಡಿಯಾರದ ಮುಳ್ಳಿನ ಹಾಗೆ ತಿರುಗಿತು. ಕಾಲು ಜಾರಿತು. ಲೈನ್‌ಮ್ಯಾನ್ ಹಗ್ಗ ಇದ್ದದ್ದರಿಂದ ಮರಕ್ಕೆ ಒರಗಿ ನಿಂತೆ, ಮೊಣಕಾಲು ತರಚಿತು. ಹಗ್ಗ ಇಲ್ಲದಿದ್ದರೆ ಬೆನ್ನು ಕೆಳಗಾಗಿ ಬೀಳುತ್ತಿದ್ದೆ.

ಕಾರಣ ಸರಳ. ಚಿಕ್ಕ ಸ್ಟಿಕ್ ಮರವನ್ನು ಹಿಡಿದಿರುವುದು ನಡುವಿನ ಒಂದೇ ಪಟ್ಟಿಯಿಂದ. ಭಾರ ಕಂಬದ ನೇರಕ್ಕೆ ಕೆಳಗೆ ಬಂದರೆ ಸ್ಟಿಕ್ಕು ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಪಕ್ಕಕ್ಕೆ ಬಂದರೆ ಅದೇ ಭಾರ ಸ್ಟಿಕ್ಕನ್ನು ತಿರುಗಿಸುವ ಸನ್ನೆಯಾಗುತ್ತದೆ.

ಹಾಗಾಗಿ ಏಡರ್‌ನ ಮೇಲಿನ ಕುಣಿಕೆಯನ್ನು ಕೆಳಗಿನ ಮೆಟ್ಟಿಲಿನ ಮೇಲ್ಗಡೆ, ಕಂಬಕ್ಕೇ ಸುತ್ತಿ ಅದರೊಳಗಿಂದಲೇ ತೂರಿಸಿ ಎಳೆಯಿರಿ. ಕುಣಿಕೆ ಮೆಟ್ಟಿಲಿನ ಬುಡಕ್ಕೆ ಕೂತು ಅತ್ತಿತ್ತ ಸರಿಯಬಾರದು. ಏಡರ್ ಕಂಬದ ನಟ್ಟನಡುವೆ ಇಳಿದಿರಬೇಕು. ಮೆಟ್ಟಿಲಿನ ಅಂಚು ಹರಿತವಾಗಿದ್ದರೆ ಅರದಿಂದ ಉಜ್ಜಬೇಡಿ, ಕೆಳಗೆ ಪದರ ಟೇಪು ಹಾಕಿ. ಮಡಚುವ ಮೆಟ್ಟಿಲಿದ್ದರೆ ಏಡರ್ ಪಟ್ಟಿ ಅದರ ಕೀಲಿನಲ್ಲಿ ಸಿಕ್ಕಿಕೊಂಡಿಲ್ಲ ಎಂದು ನೋಡಿ.

## ಹಂತ 8: ನೆಲದ ಮಟ್ಟದಲ್ಲಿ ಪರೀಕ್ಷೆ

ನೇರವಾದ, ಜೀವಂತವಾದ, 10-12 ಇಂಚು ದಪ್ಪದ ಮರ ಆರಿಸಿ. ಒಂದೇ ಸ್ಟಿಕ್ ಕಟ್ಟಿ. ಏಡರ್‌ನ ಕೆಳಮೆಟ್ಟಿಲು ನೆಲದಿಂದ ಒಂದು ಅಡಿ ಮಾತ್ರ ಇರಲಿ.

ಪಟ್ಟಿಯನ್ನು ಬಿಗಿದ ಮೇಲೆ ಸ್ಟಿಕ್ಕನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಕೆಳಕ್ಕೆ ಜಗ್ಗಿ. ಮರಕ್ಕೆ ತಾಗುವ ಸ್ಟಿಕ್‌ನ ಹಲ್ಲುಗಳು ತೊಗಟೆಗೆ ಕಚ್ಚಿಕೊಳ್ಳಬೇಕು. ಆಮೇಲೆ ಪಟ್ಟಿಯನ್ನು ಇನ್ನೊಮ್ಮೆ ಬಿಗಿಯಿರಿ. ಸ್ಟಿಕ್‌ಗಳು ಜಾರುವ ದೂರುಗಳಲ್ಲಿ ಬಹುಪಾಲು ಈ ಎರಡನೆಯ ಬಿಗಿತ ಬಿಟ್ಟವರದು.

ಲೈನ್‌ಮ್ಯಾನ್ ಹಗ್ಗ ಹಾಕಿಕೊಳ್ಳಿ. ಒಂದೇ ಅಡಿ ಎತ್ತರ ತಾನೇ ಎನ್ನಬೇಡಿ, ಕೈಗೆ ಅಭ್ಯಾಸವಾಗುವುದೇ ಇಲ್ಲಿ. ಏಡರ್‌ನಲ್ಲಿ ಒಂದು ಕಾಲಿಟ್ಟು ಮೆಲ್ಲಗೆ ಭಾರ ಬಿಡಿ. ನೆಗೆಯಬೇಡಿ. ಜೊತೆಗಿದ್ದವರು ಸ್ಟಿಕ್‌ನ ಮೇಲ್ತುದಿ ನೋಡುತ್ತಿರಲಿ. ಅದು ಕಾಲು ಇಂಚು ಅಲುಗಿದರೂ ಇಳಿದು ಮತ್ತೆ ಕಟ್ಟಿ.

ಇಲ್ಲಿ ಮೈಯ ಭಂಗಿ ಕಲಿಯಬೇಕು. ಏಡರ್‌ನಲ್ಲಿ ನಿಂತು ಲೈನ್‌ಮ್ಯಾನ್ ಹಗ್ಗದ ಮೇಲೆ ಹಿಂದಕ್ಕೆ ಒರಗಿದರೆ ಕುಣಿಕೆ ಮುಂದಕ್ಕೆ ತೂರಿಕೊಂಡು ಹೋಗುತ್ತದೆ, ಸೊಂಟ ಹಿಂದೆ ಬೀಳುತ್ತದೆ. ತೆಳ್ಳಗಿನ ಮರವಾದರೆ ಪಾದ ಕಾಂಡದ ಪಕ್ಕಕ್ಕೇ ಜಾರುತ್ತದೆ. ಹಾಗಾಗಿ ನೇತಾಡುವ ಮೆಟ್ಟಿಲಲ್ಲಿ ಇರುವಷ್ಟು ಹೊತ್ತು ಸೊಂಟ ಮರಕ್ಕೆ ಹತ್ತಿರ ಇರಲಿ, ಬೂಟಿನ ತುದಿ ತೊಗಟೆಗೆ ತಾಗಲಿ, ಮೊಣಕಾಲು ಹೊರಗಡೆಗೆ ತೆರೆದಿರಲಿ. ಗಟ್ಟಿ ಮೆಟ್ಟಿಲಿಗೆ ಬಂದ ಮೇಲೆ ಒರಗಿ ಉಸಿರು ತೆಗೆದುಕೊಳ್ಳಿ.

## ಹಂತ 9: ಕಣ್ಣು ಮುಚ್ಚಿ ಇಳಿಯಿರಿ

ಇದು ಪಾಸಾಗದೆ ಕಾಡಿಗೆ ಹೋಗಬೇಡಿ.

ಎರಡು ಸ್ಟಿಕ್ ಕಟ್ಟಿ. ಪೂರ್ತಿ ಬಟ್ಟೆ, ಬೂಟು, ಕೈಗವಸು. ಲೈನ್‌ಮ್ಯಾನ್ ಹಗ್ಗದ ಜೊತೆ ಟೆದರ್ ಕೂಡ ತಲೆಯ ಮಟ್ಟದಲ್ಲಿ ಕಟ್ಟಿ ಸಿಕ್ಕಿಸಿಕೊಂಡಿರಿ. ಲೈನ್‌ಮ್ಯಾನ್ ಹಗ್ಗ ಹಿಂದಕ್ಕೆ ಬೀಳುವುದನ್ನು ತಡೆಯುತ್ತದೆ, ಮರದುದ್ದ ಕೆಳಕ್ಕೆ ಜಾರುವುದನ್ನು ತಡೆಯುವುದಿಲ್ಲ. ಅದಕ್ಕೆ ಟೆದರ್ ಬೇಕು. ಟೆದರನ್ನು ಸಡಿಲ ಬಿಡದೆ ಜೊತೆಜೊತೆಗೆ ಸರಿಸುತ್ತಾ ಬನ್ನಿ.

ಮೇಲಿನ ಸ್ಟಿಕ್‌ನ ಕೆಳಮೆಟ್ಟಿಲಿನ ಮೇಲೆ ನಿಂತು ಕಣ್ಣು ಮುಚ್ಚಿ. ಒಂದು ಕಾಲನ್ನು ಕಾಂಡಕ್ಕೆ ಸವರಿಕೊಂಡೇ ಕೆಳಗೆ ಇಳಿಸಿ. ಗಾಳಿಯಲ್ಲಿ ಹುಡುಕಬೇಡಿ, ಕಾಂಡದ ಮೇಲೆ ಹುಡುಕಿ. ಮೂರು ಸಲ ಸವರುವಷ್ಟರಲ್ಲಿ ಕುಣಿಕೆ ಸಿಗಬೇಕು. ಸಿಕ್ಕ ಮೇಲೆ ಬೂಟಿನ ಮುಂಭಾಗ ಮಾತ್ರ ಒಳಗೆ ಹೋಗಲಿ. ಹಿಮ್ಮಡಿಯವರೆಗೂ ತೂರಿದರೆ ತೆಗೆಯುವಾಗ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕಾಲು ಕೆಳಗಿನ ಸ್ಟಿಕ್‌ಗೆ ಹೋದ ಮೇಲೆ, ಕುಣಿಕೆಯಲ್ಲಿದ್ದ ಕಾಲು ಹಿಂದಕ್ಕೆ ನೇರವಾಗಿ ಹೊರಬರಬೇಕು. ತಿರುಚಿ ಎಳೆಯಬೇಕಾಗಿ ಬಂದರೆ ಆ ಏಡರ್ ನಿಮ್ಮ ಬೂಟಿಗೆ ಚಿಕ್ಕದು.

ಹೆಡ್‌ಲ್ಯಾಂಪ್ ಇದೆಯಲ್ವಾ ಎಂದು ಕೇಳುತ್ತಾರೆ. ಇರಲಿ, ಹಾಕಿಕೊಳ್ಳಿ. ಆದರೆ ದಪ್ಪ ಜಾಕೆಟ್ ಹಾಕಿ, ಎದೆ ಮರಕ್ಕೆ ಒತ್ತಿ ನಿಂತಾಗ ನಿಮ್ಮ ಕಾಲು ನಿಮಗೆ ಕಾಣುವುದಿಲ್ಲ. ಬೆಳಕು ಜಾಕೆಟ್ಟಿನ ಮೇಲೆ ಬೀಳುತ್ತದೆ. ಕಾಲು ನೋಡಲು ಹಿಂದಕ್ಕೆ ಒರಗುತ್ತೀರಿ, ಆಗಲೇ ಕುಣಿಕೆ ಮುಂದಕ್ಕೆ ಹೋಗುತ್ತದೆ.

ಹತ್ತು ಸಲ ಇಳಿಯಿರಿ. ಹತ್ತರಲ್ಲಿ ಒಮ್ಮೆ ಸಿಗದಿದ್ದರೂ ಕುಣಿಕೆಗೆ ಇನ್ನೂ ಗಟ್ಟಿಯ ಕೊಳವೆ ಹಾಕಿ, ಇಲ್ಲವೇ ಮೆಟ್ಟಿಲು ಒಂದು ಕಡಿಮೆ ಮಾಡಿ.

## ಹಂತ 10: ಕಾಡಿನಲ್ಲಿ ಮೊದಲ ದಿನ

ಮರ ಆರಿಸುವಾಗ ಮೊದಲು ತಲೆ ಎತ್ತಿ ನೋಡಿ. ತುದಿಯಲ್ಲಿ ಎಲೆ ಇದೆಯಾ, ಕೊಂಬೆಗಳು ಜೀವಂತವಾ? ಮಿಶಿಗನ್‌ನಲ್ಲಿ ಇದು ಮುಖ್ಯ. ಡೆಟ್ರಾಯ್ಟ್ ಹತ್ತಿರ 2002ರಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಹುಳದಿಂದ ಆ್ಯಶ್ ಮರಗಳು ಲೆಕ್ಕವಿಲ್ಲದಷ್ಟು ಸತ್ತಿವೆ. ಎಷ್ಟೋ ಇನ್ನೂ ನೇರ ನಿಂತಿವೆ. ನೇರ ಕಾಂಡ, ಕೊಂಬೆ ಇಲ್ಲ, ನೋಡಲು ಆಸೆಯಾಗುತ್ತದೆ. ಹತ್ತಬೇಡಿ. ಶಾಗ್‌ಬಾರ್ಕ್ ಹಿಕರಿಯ ತೊಗಟೆ ಹಲಗೆ ಹಲಗೆಯಾಗಿ ಎದ್ದು ಬರುತ್ತದೆ, ಸ್ಟಿಕ್‌ನ ಹಲ್ಲು ಅದರ ಜೊತೆಗೇ ಕಿತ್ತುಕೊಳ್ಳುತ್ತದೆ. ಬೀಚ್ ಮರ ನುಣುಪು, ಇಬ್ಬನಿ ಬಿದ್ದರೆ ಇನ್ನೂ ನುಣುಪು. ಓಕ್, ಚೆರ್ರಿ ಹೊಸಬರಿಗೆ ಒಳ್ಳೆಯವು.

ಸರ್ಕಾರಿ ಜಾಗವಾದರೆ ಆ ರಾಜ್ಯದ ನಿಯಮ ಓದಿ. ಮಿಶಿಗನ್‌ನ ಸಾರ್ವಜನಿಕ ಭೂಮಿಯಲ್ಲಿ ಮರಕ್ಕೆ ತಿರುಪಿ ಹಾಕುವ ಮೆಟ್ಟಿಲುಗಳಿಗೆ ಅವಕಾಶ ಇಲ್ಲ.

ಬಿಲ್ಲು ಕೈಯಲ್ಲಿ ಹಿಡಿದು ಹತ್ತಬೇಡಿ. ದಾರಕ್ಕೆ ಕಟ್ಟಿ, ಮೇಲೆ ಹೋಗಿ ಟೆದರ್ ಸಿಕ್ಕಿಸಿಕೊಂಡ ಮೇಲೆ ಎಳೆದುಕೊಳ್ಳಿ. ಕ್ರಾಸ್‌ಬೋ ಆದರೆ ಬಾಣ ತೆಗೆದು, ತಂತಿ ಇಳಿಸಿ ಕಟ್ಟಿ. ದಾರಿಯಲ್ಲಿ ಕೊಂಬೆ ಅಡ್ಡ ಬಂದರೆ ಟೆದರನ್ನು ಕೊಂಬೆಯ ಮೇಲ್ಗಡೆ ಕಟ್ಟಿಕೊಂಡ ನಂತರವೇ ಲೈನ್‌ಮ್ಯಾನ್ ಹಗ್ಗ ಬಿಚ್ಚಿ. ಎರಡೂ ಬಿಚ್ಚಿದ ಒಂದು ಕ್ಷಣವೂ ಇರಬಾರದು. ಯಾವ ಜಾಗ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗಿ. ಫೋನ್ ಚೀಲದಲ್ಲಿ ಬೇಡ, ನೇತಾಡುತ್ತಿದ್ದರೂ ಕೈ ಎಟುಕುವ ಎದೆಯ ಜೇಬಿನಲ್ಲಿರಲಿ.

## ಈ ಗುರುತು ಕಂಡರೆ ಅಲ್ಲಿಗೇ ನಿಲ್ಲಿ

ಹತ್ತುತ್ತಿರುವಾಗ ಸ್ಟಿಕ್ ಕಿರ್ರ್ ಎಂದರೆ, ಪಟ್ಟಿ ಜಾರಿದ ಸದ್ದು ಬಂದರೆ, ತೊಗಟೆಯ ಪುಡಿ ಉದುರಿದರೆ, ಮೇಲಕ್ಕೆ ಹೋಗಬೇಡಿ. ಕೆಳಗಿನ ಗಟ್ಟಿ ಮೆಟ್ಟಿಲಿಗೆ ಬಂದು ನೋಡಿ.

ಕುಣಿಕೆಯಲ್ಲಿಟ್ಟ ಕಾಲು ಹೊಲಿಗೆ ಯಂತ್ರದ ಹಾಗೆ ನಡುಗಲು ಶುರುವಾದರೆ ಸ್ನಾಯು ಸೋತಿದೆ. ಎರಡು ನಿಮಿಷ ಟೆದರ್ ಮೇಲೆ ಕೂತು ಸುಧಾರಿಸಿಕೊಳ್ಳಿ. ಅಂದಿನ ಮಟ್ಟಿಗೆ ಎತ್ತರ ಅಷ್ಟೇ ಸಾಕು.

ಮಳೆ ಬಂದು ನಿಂತ ಮೇಲೆ ಪಟ್ಟಿಗಳು ಸಡಿಲವಾಗಿರುತ್ತವೆ. ಇಳಿಯುವ ಮುಂಚೆ ಪ್ರತಿ ಸ್ಟಿಕ್ಕನ್ನೂ ಕೈಯಿಂದ ಅಲುಗಿಸಿ ನೋಡಿ ಕಾಲಿಡಿ. ಮಳೆ ಹೆಪ್ಪುಗಟ್ಟುವ ಚಳಿ ಇದ್ದರೆ ಏಡರ್ ಕೊಳವೆಯ ಮೇಲೆ ಮಂಜಿನ ಪದರ ಕೂರುತ್ತದೆ, ಕಾಲಿಡುವ ಮುಂಚೆ ಬೂಟಿನಿಂದಲೇ ಎರಡು ಸಲ ತಟ್ಟಿ ಉದುರಿಸಿ.

ಏಡರನ್ನು ಪ್ರತಿ ಸಲ ಕೈಯಲ್ಲಿ ಸವರಿ ಪರೀಕ್ಷಿಸಿ. ಹೊಲಿಗೆಯಲ್ಲಿ ಒಂದು ದಾರ ಎದ್ದಿದ್ದರೂ, ಅಂಚು ನೂಲು ನೂಲಾಗಿದ್ದರೂ, ಬಣ್ಣ ಬಿಸಿಲಿಗೆ ಮಾಸಿ ಪಟ್ಟಿ ಬಿರುಸಾಗಿದ್ದರೂ ಕತ್ತರಿಸಿ ಬಿಸಾಡಿ. ಕತ್ತರಿಸದೆ ಬಿಸಾಡಿದರೆ ಇನ್ಯಾರೋ ಎತ್ತಿಕೊಂಡು ಬಳಸುತ್ತಾರೆ. ತಂತಿಯದ್ದಾದರೆ ಪ್ಲಾಸ್ಟಿಕ್ ಹೊದಿಕೆ ಒಡೆದ ಕಡೆ ತುಕ್ಕು, ಮುರಿದ ಎಳೆ ಹುಡುಕಿ.

ಜನವರಿಯಲ್ಲಿ ಸೀಸನ್ ಮುಗಿದ ಮೇಲೆ ಸ್ಟಿಕ್‌ಗಳನ್ನೂ ಏಡರ್‌ಗಳನ್ನೂ ಮರದಲ್ಲೇ ಬಿಡಬೇಡಿ. ಬಿಸಿಲು, ಮಳೆ, ಅಳಿಲು ಮೂರೂ ಪಟ್ಟಿ ತಿನ್ನುತ್ತವೆ. ಮರವೂ ದಪ್ಪವಾಗುತ್ತಾ ಪಟ್ಟಿಯನ್ನು ಹಿಗ್ಗಿಸುತ್ತದೆ. ಮನೆಗೆ ತಂದು ಒಣಗಿಸಿ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಗ್ಯಾರೇಜಿನ ಇಲಿ ವೆಬ್ಬಿಂಗ್ ಪಟ್ಟಿ ಕಡಿಯುತ್ತದೆ. ಆಗಸ್ಟ್‌ನಲ್ಲಿ ಹೊರಗೆ ತೆಗೆದಾಗ ಹಂತ 8 ಮತ್ತು 9ನ್ನು ಮತ್ತೆ ಮಾಡಿ, ಅದೂ ಚಳಿಗಾಲದ ಬೂಟಿನಲ್ಲೇ.